ಗ್ಲೂಕೋಸ್ ಬಾಟಲಿ, ಹಳದಿ ಕಾರ್ಡ್

ಹಾಸನದ ಹತ್ತಿರದ ನಮ್ಮೂರಿನಲ್ಲಿ ಅಣ್ಣನ ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಕಳೆದ ತಿಂಗಳು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ತಲೆ ಸುತ್ತಿ ಬಿದ್ದಳು. ಒಂದು ಬಾಟಲಿ ಗ್ಲೂಕೋಸ್ ಏರಿಸಿ, ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಅಮ್ಮ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲವಂತೆ, ಹಾಗಾಗಿ ದೃಷ್ಟಿಯೇ ಎಂದು ತೀರ್ಮಾನವಾಯಿತು. ಬೆಳಿಗ್ಗೆ ಐದೂವರೆಗೆ ಟ್ಯೂಷನ್, ಸಂಜೆ ವಿಶೇಷ ತರಗತಿ, ನಡುವೆ ಶಾಲೆ. ಹುಡುಗಿ ರಾತ್ರಿ ನಿದ್ದೆ ಮಾಡುತ್ತಾಳೋ ಇಲ್ಲವೋ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ನನ್ನ ಮಗಳಿಗೆ ಹದಿನಾಲ್ಕು. ಹೋದ ವರ್ಷ ಅವಳಿಗೂ ಇಂಥದ್ದೇ ಕಾಟ: ಬೆಳಗಾದರೆ ಹೊಟ್ಟೆನೋವು, ಶಾಲೆ ಬೇಡ. ಶಾಲೆಯವರು ಅವಳ ಕೈಗೆ ಅಂಗೈಯಗಲದ ಹಳದಿ ಕಾರ್ಡ್ ಕೊಟ್ಟರು. ಪಾಠದ ನಡುವೆ ಎದೆ ಹೊಡೆದುಕೊಳ್ಳಲು ಶುರುವಾದರೆ ಅದನ್ನು ಮೇಜಿನ ಮೇಲಿಟ್ಟು ಎದ್ದು ಹೋಗಬಹುದು. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಒಬ್ಬ ಹೆಂಗಸು ಕುಳಿತಿರುತ್ತಾರೆ. ಪಾಠ ಹೇಳುವವರಲ್ಲ, ಅಂಕ ಕೊಡುವವರೂ ಅಲ್ಲ. ಐದು ನಿಮಿಷ, ಒಂದು ಲೋಟ ನೀರು, ಬೇಕಿದ್ದರೆ ಮಾತು.

ಇಲ್ಲಿ ಎಲ್ಲವೂ ಚೆಂದ ಎಂದು ಹೇಳಲಾರೆ. 2020ರಿಂದ ಇಲ್ಲಿನ ಶಾಲೆಗಳಲ್ಲಿ ಆರೋಗ್ಯ ಶಿಕ್ಷಣ ಕಡ್ಡಾಯ, ಮನಸ್ಸಿನ ಆರೋಗ್ಯವೂ ಅದರಲ್ಲಿ ಸೇರಿದೆ. ಮಕ್ಕಳು 'ಆಂಗ್ಸೈಟಿ' (ಆತಂಕ) ಎಂಬ ಪದವನ್ನು ಉಪ್ಪಿನಂತೆ ಎಲ್ಲದಕ್ಕೂ ಉದುರಿಸುತ್ತಾರೆ. ನಾಳಿನ ಗಣಿತ ಪರೀಕ್ಷೆಯ ಅಳುಕಿಗೂ ಅದೇ ಹೆಸರು. ಇನ್ನು ತಜ್ಞರನ್ನು ಕಾಣಲು ನಾವು ಏಳು ತಿಂಗಳು ಕಾದೆವು. ಅಷ್ಟು ದಿನ ಅವಳನ್ನು ದಡ ಮುಟ್ಟಿಸಿದ್ದು ಆ ಕಾರ್ಡೇ.

ಊರಿನಲ್ಲೂ ವ್ಯವಸ್ಥೆ ಇದೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೇ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. 2022ರ ಅಕ್ಟೋಬರಿನಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಬಂತು. 14416ಕ್ಕೆ ಹಗಲಿರುಳು ಯಾವಾಗ ಕರೆ ಮಾಡಿದರೂ ಕಾಸಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಆದರೆ ಅದರ ಬಾಗಿಲಲ್ಲಿ ಹುಡುಗಿಯೊಬ್ಬಳು ನಿಂತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ಬ್ರಿಟನ್ನಿನ ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್, ತನ್ನ 0800 1111ಕ್ಕೆ ಮಾಡಿದ ಕರೆ ಫೋನ್ ಬಿಲ್ಲಿನಲ್ಲಿ ಕಾಣಿಸುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ತಿಳಿಸುತ್ತದೆ. ಮಕ್ಕಳ ಭಯ ಎಲ್ಲಿದೆಯೆಂದು ಬಲ್ಲವರು ಬರೆದ ಸಾಲು ಅದು.

ಶಾಲೆಗೊಬ್ಬ ಮನಶ್ಶಾಸ್ತ್ರಜ್ಞರನ್ನು ನೇಮಿಸಿ ಎಂದು ನಾನು ಕೇಳುತ್ತಿಲ್ಲ; ಅದಾಗುವ ಹೊತ್ತಿಗೆ ಅಣ್ಣನ ಮಗಳ ಮಕ್ಕಳು ಎಸ್ಸೆಸ್ಸೆಲ್ಸಿಗೆ ಬಂದಿರುತ್ತಾರೆ. ಅಂಕದ ಮಾತೆತ್ತದ ಒಬ್ಬ ಟೀಚರ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಆಟದ ಸಾಮಾನು ತುಂಬಿದ ಕೋಣೆಯಾದರೂ ಸರಿ.

ಮೊನ್ನೆ ಭಾನುವಾರ ಅಣ್ಣನ ಮಗಳು ಅತ್ತಿಗೆಯ ಫೋನ್ ಹಿಡಿದು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ತಾರಸಿಗೆ ಹೋಗಿ ಮಾತನಾಡಿದಳು. ಹೇಗಿದ್ದೀಯೆಂದರೆ "ಚೆನ್ನಾಗಿದ್ದೇನೆ, ಏನೂ ಇಲ್ಲ" ಎಂದಳು. ನಾನು ಹಳದಿ ಕಾರ್ಡಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಕಾಗೆಗಳ ಸದ್ದು ಮಾತ್ರ ಕೇಳಿಸಿತು.

"ಎದ್ದು ಹೋದರೆ ಯಾಕೆ ಎಂದು ಯಾರೂ ಕೇಳುವುದೇ ಇಲ್ಲವೇ, ಚಿಕ್ಕಪ್ಪ?"