ಎಡಗಡೆಯೇ ಇಲ್ಲವಾದವರಿಗೆ

ಸೋದರಮಾವನಿಗೆ ಪಾರ್ಶ್ವವಾಯು ಹೊಡೆದು ಮೂರನೆಯ ವಾರ. ಊಟ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ, "ಇಷ್ಟೇ ಬಡಿಸಿದರೆ ಹೊಟ್ಟೆ ತುಂಬುತ್ತದೆಯೇ?" ಎಂದು ಸಿಡುಕಿದರು. ತಟ್ಟೆಯ ಬಲ ಅರ್ಧ ಬಳಿದಂತೆ ಖಾಲಿ, ಎಡ ಅರ್ಧದಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ನಾನು ಏನೂ ಹೇಳದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. "ಹಾಂ, ಈಗ ಸರಿ" ಎಂದು ಮತ್ತೆ ಉಣ್ಣತೊಡಗಿದರು.

ಕಣ್ಣೇ ಹೋಗಿದೆ ಎಂದು ನಾವೆಲ್ಲ ಹೆದರಿದ್ದೆವು. ಕಣ್ಣಿಗೆ ಏನೂ ಆಗಿರಲಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಹಲವರಿಗೆ ಎಡಗಡೆಯ ಲೋಕವೇ ಗಮನದಿಂದ ಜಾರಿಹೋಗುತ್ತದೆ. ಇದನ್ನು ಸ್ಪೇಷಿಯಲ್ ನೆಗ್ಲೆಕ್ಟ್ ಎನ್ನುತ್ತಾರೆ. 1978ರಲ್ಲಿ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಎಂಬ ಸಂಶೋಧಕರು ಇಂಥ ರೋಗಿಗಳಿಗೆ, ಮಿಲಾನ್ ನಗರದ ಕ್ಯಾಥೆಡ್ರಲ್ ಚೌಕವನ್ನು ನೆನಪಿನಿಂದಲೇ ವರ್ಣಿಸಲು ಹೇಳಿದರು. ಕ್ಯಾಥೆಡ್ರಲ್‌ಗೆ ಮುಖಮಾಡಿ ನಿಂತಂತೆ ಊಹಿಸಿಕೊಂಡಾಗ ಅವರು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಕ್ಯಾಥೆಡ್ರಲ್‌ಗೆ ಬೆನ್ನುಹಾಕಿ ನಿಂತಂತೆ ಊಹಿಸಿಕೊಳ್ಳಿ ಎಂದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳು ಬಂದವು, ಮೊದಲು ಹೇಳಿದ್ದವು ಬಹುಮಟ್ಟಿಗೆ ಮಾಯವಾದವು. ನೆನಪಿನ ಚಿತ್ರಕ್ಕೂ ಎಡಗಡೆ ಇರಲಿಲ್ಲ!

ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಬೆಳಗಿನಿಂದ ರಾತ್ರಿಯವರೆಗೆ "ಎಡಕ್ಕೆ ನೋಡಿ ಮಾವ, ಎಡಕ್ಕೆ" ಎಂದು ಗದರುತ್ತಿದ್ದವನು ನಾನೇ. ಇರುವುದೆಲ್ಲ ಕಣ್ಣೆದುರೇ ಇದೆ ಎಂದು ನಂಬಿದವರು ಎಡಕ್ಕೆ ಏಕೆ ತಿರುಗಬೇಕು?

ಆಗ್ಮೆಂಟೆಡ್ ರಿಯಾಲಿಟಿಯ ಬಗ್ಗೆ ನನಗೆ ಆಸೆ ಹುಟ್ಟಿದ್ದು ಇಲ್ಲಿಯೇ. ವರ್ಚುವಲ್ ರಿಯಾಲಿಟಿ ರೋಗಿಯನ್ನು ಬೇರೊಂದು ಲೋಕಕ್ಕೆ ಕರೆದೊಯ್ಯುತ್ತದೆ. ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಅವರ ಕೋಣೆ, ಅವರ ಮೇಜು, ಅವರ ಕೈ ಎಲ್ಲವೂ ಇದ್ದಲ್ಲೇ ಇರುತ್ತವೆ, ಅವುಗಳ ಮೇಲೆ ಒಂದು ಚಿತ್ರ ಕೂಡಿಕೊಳ್ಳುತ್ತದೆ. ಮೇಜಿನ ಬಲ ಅಂಚಿನಲ್ಲಿ, ಅಂದರೆ ಗಮನ ಈಗಾಗಲೇ ಇರುವ ಕಡೆ, ಒಂದು ಚಿಟ್ಟೆ ಕೂರುತ್ತದೆ ಎನ್ನಿ. ಮುಟ್ಟಲು ಹೋದರೆ ಒಂದು ಗೇಣು ಎಡಕ್ಕೆ ಹಾರುತ್ತದೆ, ಮತ್ತೆ ಹಾರುತ್ತದೆ. ಗದರದೆ, ಅವಸರ ಮಾಡದೆ, ಬೇಸರಪಡದೆ ಅದು ಕೈಯನ್ನೂ ಕತ್ತನ್ನೂ ಎಡಕ್ಕೆ ಎಳೆದೊಯ್ಯುತ್ತದೆ. ತಲೆ ಎಷ್ಟು ತಿರುಗಿತು, ಎಲ್ಲಿ ನಿಂತುಬಿಟ್ಟಿತು ಎಂಬುದನ್ನು, ಈ ಚಿತ್ರ ತೋರಿಸಲು ಕನ್ನಡಕದಂತೆ ತೊಡಿಸುವ ಹೆಡ್‌ಸೆಟ್ ದಾಖಲಿಸಿಕೊಳ್ಳಬಲ್ಲದು. ಕಾಗದದ ಮೇಲಿನ ಗೆರೆಯ ನಡುವೆ ಗುರುತು ಹಾಕಿಸುವ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ.

ಈ ಕಾಯಿಲೆಗೆ ಕನ್ನಡಕ ತೊಡಿಸುವುದು ಹೊಸದೇನಲ್ಲ. ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ, ಗುರಿಯತ್ತ ಬೆರಳು ತೋರಿಸುವ ಅಭ್ಯಾಸ ಮಾಡಿಸಿದರೆ ಲಕ್ಷಣ ತಗ್ಗುತ್ತದೆ ಎಂದು ರೊಸೆಟ್ಟಿ ಮತ್ತು ಸಂಗಡಿಗರು 1998ರಲ್ಲಿಯೇ ತೋರಿಸಿದ್ದರು. ನಂತರದ ಅಧ್ಯಯನಗಳಲ್ಲಿ ಫಲಿತಾಂಶ ಒಮ್ಮೆ ಹೀಗೆ, ಒಮ್ಮೆ ಹಾಗೆ. ಆದ್ದರಿಂದ ಹೊಸ ಕನ್ನಡಕದ ಜಾಹೀರಾತಿಗೆ ಕುಣಿಯಲು ನಾನು ಸಿದ್ಧನಿಲ್ಲ. ಆಗ್ಮೆಂಟೆಡ್ ರಿಯಾಲಿಟಿಯ ಹೆಚ್ಚಿನ ಪ್ರಯೋಗಗಳು ಬೆರಳೆಣಿಕೆಯ ರೋಗಿಗಳ ಮೇಲೆ ನಡೆದವು.

ಒಂದು ತಮಾಷೆಯೂ ಇದೆ. ಹೋಲೋಲೆನ್ಸ್ 2ರಂಥ ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕದಲ್ಲಿ ಚಿತ್ರ ಮೂಡುವ ಕಿಟಕಿ ಮೂಲೆಯಿಂದ ಮೂಲೆಗೆ ಸುಮಾರು 52 ಡಿಗ್ರಿ ಮಾತ್ರ. ಅದರಾಚೆಗೆ ಹಾರಿದ ಚಿಟ್ಟೆ ಯಾರಿಗೂ ಕಾಣದು. ಎಡಗಡೆಯನ್ನು ಮರೆತವರ ಕೈಗೆ ಅಂಚುಗಳನ್ನೇ ಮರೆತ ಯಂತ್ರವನ್ನು ಕೊಟ್ಟ ಹಾಗಾಯಿತು. ಸಾಲದ್ದಕ್ಕೆ 2024ರಲ್ಲಿ ಮೈಕ್ರೋಸಾಫ್ಟ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಒಂದೇ ಕಂಪನಿಯ ಯಂತ್ರಕ್ಕೆ ಗಂಟುಬಿದ್ದ ಚಿಕಿತ್ಸೆಗೆ ಆಯಸ್ಸು ಎಷ್ಟು?

ಆಟದಲ್ಲಿ ಗಳಿಸಿದ ಅಂಕವನ್ನು ನನಗೆ ತೋರಿಸಬೇಡಿ. ಕನ್ನಡಕ ತೆಗೆದಿಟ್ಟು ಒಂದು ತಿಂಗಳಾದ ಮೇಲೆ ಎಡ ಕೆನ್ನೆಯನ್ನೂ ಕ್ಷೌರ ಮಾಡಿಕೊಳ್ಳುತ್ತಾರೆಯೇ, ಗಾಲಿಕುರ್ಚಿ ಬಾಗಿಲಿನ ಎಡ ಚೌಕಟ್ಟಿಗೆ ಬಡಿಯದೆ ಸಾಗುತ್ತದೆಯೇ ಎಂಬುದನ್ನು ಹೇಳಿ. ಚಿಟ್ಟೆ ದಿನದಿಂದ ದಿನಕ್ಕೆ ಮಸುಕಾಗುತ್ತಾ ಹೋಗಿ, ಕಡೆಗೆ ಅದಿಲ್ಲದೆಯೂ ಕತ್ತು ತಿರುಗಬೇಕು. ಆ ಮಸುಕಾಗಿಸುವ ಲೆಕ್ಕಾಚಾರಕ್ಕೆ ಪಕ್ಕದಲ್ಲಿ ಥೆರಪಿಸ್ಟ್ ಕುಳಿತಿರಲೇಬೇಕು ಎಂಬುದು ನನ್ನ ಹಟ.

ಮಾವ ಈಗ ಊಟದ ನಡುವೆ ತಾವೇ ತಟ್ಟೆಯನ್ನು ತಿರುಗಿಸಿ ನೋಡುತ್ತಾರೆ. ಎಡಗಡೆ ಇನ್ನೂ ಹೊಳೆಯುವುದಿಲ್ಲವಂತೆ. ನಾವು ಏನನ್ನೋ ಬಚ್ಚಿಡುತ್ತೇವೆ ಎಂಬ ಗುಮಾನಿ ಮಾತ್ರ ಬಲವಾಗಿದೆ.