ಕಾವಲುಗಾರರ ಅಸಹಾಯಕತೆಗೂ ಒಂದು ಮಿತಿಯಿದೆ

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಉತ್ತರದ ಸೈನಿಕರನ್ನು ಕೂಡಿಹಾಕಿದ್ದ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದ ಬಗ್ಗೆ ಬಂದ ಲೇಖನವೊಂದು, ಅಲ್ಲಿನ ಸಾವುಗಳಿಗೆ ದಕ್ಷಿಣದ ಬಡತನ, ಧಾನ್ಯದ ಅಭಾವವೇ ಕಾರಣ, ಕಾವಲುಗಾರರೂ ಬಂದಿಗಳಷ್ಟೇ ಅಸಹಾಯಕರಾಗಿದ್ದರು ಎನ್ನುತ್ತದೆ. ಲೇಖಕರ ಈ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. 1864ರಲ್ಲಿ ಅನುಭವಿ ಸೈನಿಕರನ್ನು ಯುದ್ಧರಂಗಕ್ಕೆ ಕಳುಹಿಸಿ, ಆ ಜಾಗಕ್ಕೆ ಜಾರ್ಜಿಯಾ ಮೀಸಲು ಪಡೆಯ ಹದಿಹರೆಯದ ಹುಡುಗರನ್ನೂ ವಯಸ್ಸಾದವರನ್ನೂ ತಂದು ನಿಲ್ಲಿಸಿದ್ದು ನಿಜ. ಅವರಲ್ಲಿಯೂ ಅನೇಕರು ರೋಗಕ್ಕೆ ಬಲಿಯಾದದ್ದೂ ನಿಜ. ಆದರೆ ಮರದ ದಿಮ್ಮಿಗಳ ಗೋಡೆಯಿಂದ ಒಳಕ್ಕೆ ಸುಮಾರು 19 ಅಡಿ ದೂರದಲ್ಲಿ ಹಾಕಿದ್ದ ಗಡಿಬೇಲಿಯನ್ನು ದಾಟಿದವನ ಮೇಲೆ ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸುವ ಅಧಿಕಾರವಿದ್ದದ್ದು ಒಂದೇ ಪಕ್ಷಕ್ಕೆ. ಇನ್ನೊಂದು ಸಂಗತಿಯನ್ನು ಲೇಖನ ಮುಟ್ಟಿಯೇ ಇಲ್ಲ: ಕಾವಲುಪಡೆಯ ಬಿಡಾರಗಳು ಶಿಬಿರದೊಳಗೆ ಹರಿಯುತ್ತಿದ್ದ ಹಳ್ಳದ ಮೇಲ್ಭಾಗದಲ್ಲಿದ್ದು, ಅಲ್ಲಿನ ಹೊಲಸೆಲ್ಲ ಆಗಸ್ಟ್ ವೇಳೆಗೆ 30 ಸಾವಿರ ಮೀರಿದ್ದ ಬಂದಿಗಳು ಕುಡಿಯುತ್ತಿದ್ದ ನೀರಿಗೇ ಬಂದು ಸೇರುತ್ತಿತ್ತು. ಇದಕ್ಕೆ ಧಾನ್ಯದ ಅಭಾವ ಕಾರಣವಲ್ಲ. ಬಿಡಾರದ ಜಾಗವನ್ನು ಯಾರೋ ಆರಿಸಿದ್ದರು.

ದಕ್ಷಿಣದ ಬಡತನವೇ ಎಲ್ಲ ಸಾವುಗಳಿಗೂ ಮೂಲವೆನ್ನುವುದಾದರೆ, ಆಹಾರಕ್ಕೆ ಕೊರತೆಯಿಲ್ಲದ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿದ್ದ ಉತ್ತರದವರ ಸೆರೆಶಿಬಿರದಲ್ಲಿ ಸುಮಾರು 12 ಸಾವಿರ ದಕ್ಷಿಣದ ಬಂದಿಗಳ ಪೈಕಿ 3 ಸಾವಿರದಷ್ಟು ಮಂದಿ ಸತ್ತದ್ದನ್ನು ಲೇಖಕರು ಹೇಗೆ ವಿವರಿಸುತ್ತಾರೆ? ಹೊಣೆಯನ್ನು ಕಾವಲು ಅಟ್ಟಣಿಗೆಯ ಮೇಲೆ ನಿಂತ ಹುಡುಗನಿಂದ ಇಳಿಸುವುದಾದರೆ ಅದು ಮೇಲಧಿಕಾರಿಗಳ ಮೇಲೆ ಬೀಳಬೇಕು. 1865ರ ನವೆಂಬರ್‌ನಲ್ಲಿ ಗಲ್ಲಿಗೇರಿದವನು ಆಂಡರ್ಸನ್‌ವಿಲ್ ಸೆರೆಯ ಉಸ್ತುವಾರಿ ಹೊತ್ತಿದ್ದ ಕ್ಯಾಪ್ಟನ್ ಹೆನ್ರಿ ವರ್ಜ್. ಅವನ ಮೇಲಧಿಕಾರಿಯಾಗಿದ್ದ ಜನರಲ್ ಜಾನ್ ವಿಂಡರ್ ಅದೇ ವರ್ಷದ ಫೆಬ್ರವರಿಯಲ್ಲೇ ತೀರಿಕೊಂಡಿದ್ದ. ಇಷ್ಟು ದೀರ್ಘವಾದ ಲೇಖನದಲ್ಲಿ ವಿಂಡರ್‌ನ ಹೆಸರೇ ಇಲ್ಲದಿರುವುದು ಆಶ್ಚರ್ಯಕರ.