ಫರಕ ವಾಪಸ್, ಷರತ್ತು ಅನ್ವಯ

"ಬೇರೆ ಅಂಗಡಿಯಲ್ಲಿ ಇದಕ್ಕಿಂತ ಕಮ್ಮಿ ಸಿಕ್ಕರೆ ಫರಕ ವಾಪಸ್!" ಕಲಬುರಗಿಯ ಒಂದು ದೊಡ್ಡ ಮಾರ್ಟಿನ ಬಾಗಿಲಲ್ಲಿ ಆಳೆತ್ತರದ ಬೋರ್ಡು. ಓದಿದವರೆಲ್ಲ ಎಷ್ಟು ಒಳ್ಳೆಯ ಮಂದಿ ಅಂದುಕೊಂಡು ಒಳಗೆ ಹೋಗ್ತಾರೆ. ಬೇರೆ ಕಡೆ ಕಮ್ಮಿ ಇರಬಹುದು ಅಂತ ಇವರಿಗೇ ಅನುಮಾನ ಇದ್ದರೆ ಮೊದಲೇ ಕಮ್ಮಿ ಮಾಡಿ ಮಾರಬಹುದಿತ್ತಲ್ವಾ? ಅದನ್ನು ಮಾತ್ರ ಯಾರೂ ಕೇಳೋದಿಲ್ಲ. ಕೇಳೋಕೆ ಕೌಂಟರೂ ಇಲ್ಲ.

ಫರಕ ಪಡೆಯೋದು ಬಹಳ ಸುಲಭ. ಮೊದಲು ಇಲ್ಲಿ ಸಾಮಾನು ಕೊಳ್ಳಬೇಕು. ಆಮೇಲೆ ಊರೆಲ್ಲ ತಿರುಗಿ ಅದೇ ಸಾಮಾನು ಎಲ್ಲಿ ಕಮ್ಮಿ ಇದೆ ಅಂತ ಹುಡುಕಬೇಕು. ಸಿಕ್ಕರೆ ಅಲ್ಲೂ ಕೊಳ್ಳಬೇಕು, ಯಾಕಂದರೆ ಬಿಲ್ಲು ಬೇಕು. ಬ್ರ್ಯಾಂಡು ಅದೇ ಇರಬೇಕು, ತೂಕ ಅದೇ ಇರಬೇಕು. ಬಿಲ್ಲು ಛಾಪಿಸಿದ್ದಾಗಿರಬೇಕು, ಅದರ ಮೇಲೆ ಜಿಎಸ್‌ಟಿ ನಂಬರ್ ಇರಬೇಕು. ಬಿಡಿ ಸಾಮಾನು ನಡೆಯಲ್ಲ, ಆಫರ್ ಬೆಲೆ ನಡೆಯಲ್ಲ, ಆನ್‌ಲೈನ್ ಬೆಲೆ ನಡೆಯಲ್ಲ. ಇಷ್ಟೆಲ್ಲ ಆಗಿ ಏಳು ದಿನದೊಳಗೆ ಎರಡೂ ಬಿಲ್ಲು ಹಿಡಿದು ಬಂದರೆ, ಎರಡು ಕಿಲೋ ತೊಗರಿ ಬೇಳೆ ಮನೆಯಲ್ಲಿ, ನಾಲ್ಕು ರೂಪಾಯಿ ಆಪಿನಲ್ಲಿ. ರೂಪಾಯಿ ಅಂದೆ, ತಪ್ಪು ತಿಳಿಯಬೇಡಿ. ಪಾಯಿಂಟು.

ಇದು ನಮ್ಮೂರಿನ ಬುದ್ಧಿಯಲ್ಲ. ಅಮೆರಿಕದಲ್ಲಿ ವಾಲ್‌ಮಾರ್ಟ್ 2014ರಲ್ಲಿ ಸೇವಿಂಗ್ಸ್ ಕ್ಯಾಚರ್ ಅಂತ ಒಂದನ್ನು ದೇಶದ ತುಂಬ ಬಿಟ್ಟಿತ್ತು. ಗಿರಾಕಿ ಬಿಲ್ಲನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಸುತ್ತಲಿನ ಅಂಗಡಿಗಳ ಜಾಹೀರಾತಿನಲ್ಲಿ ಅದೇ ಸಾಮಾನಿಗೆ ಕಮ್ಮಿ ಬೆಲೆ ಇದೆಯಾ ಅಂತ ಕಂಪನಿಯ ಕಂಪ್ಯೂಟರೇ ಹುಡುಕಿ, ಫರಕನ್ನು ಗಿಫ್ಟ್ ಕಾರ್ಡಿಗೆ ಹಾಕುತ್ತಿತ್ತು. ಆ ಕಾರ್ಡನ್ನು ಮತ್ತೆ ಅವರಲ್ಲೇ ಖರ್ಚು ಮಾಡಬೇಕು, ಆ ಮಾತು ಬೇರೆ. 2019ರ ಮೇ ತಿಂಗಳಲ್ಲಿ ಅದನ್ನೂ ಬಂದ್ ಮಾಡಿದರು. ಆದರೂ ಅಲ್ಲಿ ಹುಡುಕುವ ಕೆಲಸ ಕಂಪ್ಯೂಟರ್ ಮಾಡ್ತಿತ್ತು. ಇಲ್ಲಿ ಆ ಕಂಪ್ಯೂಟರ್ ನಾವೇ. ಕರೆಂಟಿನ ಖರ್ಚೂ ಇಲ್ಲ, ಚಹಾ ಕೂಡ ನಮ್ಮ ದುಡ್ಡಲ್ಲೇ ಕುಡಿಯುತ್ತೇವೆ.

ತಮಾಷೆ ಇರೋದು ಬೇಳೆಯಲ್ಲಿ. ಕಲಬುರಗಿ ಅಂದರೆ ತೊಗರಿಯ ಕಣಜ, ನಮ್ಮ ಬೇಳೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಊರ ಸುತ್ತ ದಾಲ್ ಮಿಲ್ಲುಗಳಿವೆ. ನೆಹರು ಗಂಜ್ ಎಂಬ ಧಾನ್ಯದ ಪೇಟೆಗೆ ಹೋದರೆ ಗೋಣಿಚೀಲದ ಬಾಯಿ ತೆರೆದಿಟ್ಟು, ಒಂದು ಹಿಡಿ ಕೈಗೆ ಹಾಕಿ ನೋಡ್ರಿ ಅಂತಾರೆ. ಉಗುರಿನಿಂದ ಒತ್ತಿ, ಮೂಸಿ, ಎರಡು ಕಾಳು ಬಾಯಿಗೆ ಹಾಕಿ, ಆಮೇಲೆ ರೇಟು ಕೇಳಬಹುದು. ಮಾರ್ಟಿಗೆ ನಿಜವಾದ ಪೈಪೋಟಿ ಇರೋದು ಈ ಚೀಲದ ಜೊತೆ. ಆದರೆ ಯೋಜನೆಯ ಪ್ರಕಾರ ಈ ಚೀಲ ಅಸ್ತಿತ್ವದಲ್ಲೇ ಇಲ್ಲ. ಅದು ಬಿಡಿ ಬೇಳೆ, ಅದಕ್ಕೆ ಬ್ರ್ಯಾಂಡಿಲ್ಲ, ಬಾರ್‌ಕೋಡಿಲ್ಲ. ಇನ್ನೊಂದು ಮಾತು. ಜುಲೈ 2022ರಲ್ಲಿ ಪಾಕೀಟು ಕಟ್ಟಿ ಲೇಬಲ್ ಹಚ್ಚಿದ ಬೇಳೆಗೆ ಶೇ 5 ಜಿಎಸ್‌ಟಿ ಬಂತು, ಬಿಡಿ ಬೇಳೆಗೆ ಇಲ್ಲ. ಅಂದರೆ ಸರ್ಕಾರವೇ ಬಿಡಿ ಬೇಳೆಯನ್ನು ಅಗ್ಗ ಮಾಡಿಟ್ಟಿದೆ, ಮಾರ್ಟು ಅದನ್ನೇ ಲೆಕ್ಕದಿಂದ ಹೊರಗಿಟ್ಟಿದೆ. ಇಲ್ಲೇ ಬೆಳೆದ ತೊಗರಿ ಎಲ್ಲಿಗೋ ಹೋಗಿ, ಬಣ್ಣದ ಪಾಕೀಟು ಹಾಕಿಕೊಂಡು ಲಾರಿ ಹತ್ತಿ ವಾಪಸ್ ಬಂದರೆ ಮಾತ್ರ ಅದು ಹೋಲಿಕೆಗೆ ಯೋಗ್ಯ.

ತೂಕದ ಆಟ ಇದಕ್ಕಿಂತ ಚೆಂದ. ಅಡುಗೆ ಎಣ್ಣೆಯ ಪಾಕೀಟು ತಿರುಗಿಸಿ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಒಂದರ ಮೇಲೆ 850 ಗ್ರಾಂ ಇರುತ್ತೆ, ಇನ್ನೊಂದರ ಮೇಲೆ 800. ನೋಡೋಕೆ ಎಲ್ಲವೂ ಅಣ್ಣತಮ್ಮಂದಿರು. ಮಾರ್ಟಿನಲ್ಲಿರುವ ತೂಕ ಬೇರೆಲ್ಲೂ ಸಿಗದಿದ್ದರೆ "ಅದೇ ತೂಕ" ಎಂಬ ಷರತ್ತು ಯಾವತ್ತೂ ಈಡೇರಲ್ಲ, ಫರಕ ಯಾವತ್ತೂ ಹುಟ್ಟಲ್ಲ. ಗ್ರಾಮಿಗೆ ಎಷ್ಟು ಬೆಲೆ ಅಂತ ಪಾಕೀಟಿನ ಮೇಲೆ ಛಾಪಿಸಬೇಕು ಎಂಬ ನಿಯಮ ಇದೆ. ಛಾಪಿಸಿಯೂ ಇರ್ತಾರೆ. ಓದೋಕೆ ಭೂತಗನ್ನಡಿ ಬೇಕು, ಅದು ಮೂರನೇ ಸಾಲಿನ ಕಪಾಟಿನಲ್ಲಿ ಸಿಗುತ್ತದೆ, ಅದಕ್ಕೂ ಪಾಯಿಂಟು ಇದೆ.

ನಮ್ಮ ಓಣಿಯ ನಿವೃತ್ತ ಮಾಸ್ತರರು ಲೆಕ್ಕದವರು. ನಾಲ್ಕು ರೂಪಾಯಿಯಾದರೂ ನ್ಯಾಯ ನ್ಯಾಯವೇ ಅಂತ ಹಟ ಹಿಡಿದು ಹೋದರು, ನನ್ನನ್ನೂ ಸಾಕ್ಷಿಗೆ ಕರೆದುಕೊಂಡರು. ಮೇ ತಿಂಗಳು, 42 ಡಿಗ್ರಿ ಬಿಸಿಲು. ಬಿಲ್ಲು ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿ ಇರೋದಿಲ್ಲ, ಬಿಸಿಗೆ ಅಕ್ಷರ ಮೂಡುತ್ತೆ, ಬಿಸಿಲು ಬೆವರು ಎಣ್ಣೆ ತಾಗಿದರೆ ಅಳಿಸಿಯೂ ಹೋಗುತ್ತೆ. ಮಾಸ್ತರರ ಅಂಗಿಯ ಜೇಬಿನಲ್ಲಿ ಈ ಮೂರೂ ಇದ್ದವು, ಯಾಕಂದರೆ ಬಿಲ್ಲನ್ನು ಮಿರ್ಚಿ ಭಜಿಯ ಪೊಟ್ಟಣದ ಪಕ್ಕದಲ್ಲಿ ಇಟ್ಟಿದ್ದರು. ಕೌಂಟರಿನ ಹುಡುಗ ಕನ್ಯಾ ನೋಡೋಕೆ ಬಂದವರ ಹಾಗೆ ಬಿಲ್ಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಅಂಗಡಿಯ ಹೆಸರು ಕಾಣ್ತಿತ್ತು, ಒಟ್ಟು ಮೊತ್ತವೂ ಕಾಣ್ತಿತ್ತು. ಬೇಳೆಯ ಸಾಲು ಮಾತ್ರ ಮಾಯ.

"ಆಗಂಗಿಲ್ರಿ ಸರ್, ಸಿಸ್ಟಮ್ ತಗೊಳ್ಳಂಗಿಲ್ಲ."

"ಸಿಸ್ಟಮ್ ಯಾರ್ದಪಾ?"

"ಬೆಂಗಳೂರಿಂದ್ರಿ."

ಮಾಸ್ತರರು ಬಿಡಲಿಲ್ಲ. ಹೊಸ ಬಿಲ್ಲು ತಂದರು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಮಾರ್ಕ್ಸ್ ಕಾರ್ಡ್ ತಂದವರಂತೆ. ಈಗ ಮೊಬೈಲ್ ನಂಬರ್ ಕೇಳಿದರು, ಹುಟ್ಟಿದ ದಿನ ಕೇಳಿದರು, ಮದುವೆಯ ವಾರ್ಷಿಕೋತ್ಸವ ಕೇಳಿದರು. ಬೇಳೆಗೂ ಮದುವೆಗೂ ಏನು ಸಂಬಂಧ ಅಂತ ಮಾಸ್ತರರು ಕೇಳಿದ್ದಕ್ಕೆ ಹುಡುಗ ನಕ್ಕ. ನಂಬರ್ ಕೊಡಲೇಬೇಕು ಅಂತ ಗಿರಾಕಿಗೆ ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇನಲ್ಲೇ ಅಂಗಡಿಗಳಿಗೆ ಸಲಹೆ ಕಳಿಸಿದೆ. ಇಲ್ಲಿ ಒತ್ತಾಯ ಎಲ್ಲಿದೆ? ನಂಬರ್ ಕೊಡದಿದ್ದರೆ ಪಾಯಿಂಟು ಬರಲ್ಲ, ಅಷ್ಟೇ. ಮಾಸ್ತರರು ಕೊಟ್ಟರು. ನಾಲ್ಕು ಪಾಯಿಂಟು ಜಮಾ ಆಯ್ತು. ನೂರಾದ ಮೇಲೆ ಬಳಸಬಹುದು, ಅಷ್ಟರೊಳಗೆ ಮೂರು ತಿಂಗಳಾದರೆ ರದ್ದು. ಪಾಯಿಂಟು ಆಗಾಗ ನಿದ್ದೆ ಮಾಡುತ್ತೆ, ಮೆಸೇಜಿಗೆ ಮಾತ್ರ ನಿದ್ದೆಯಿಲ್ಲ. ಮಾಸ್ತರರ ಫೋನು ಈಗ ಬೆಳಗ್ಗೆ ಏಳಕ್ಕೆ ಸಾಬೂನಿನ ಆಫರ್ ಹೇಳಿ ಎಬ್ಬಿಸುತ್ತದೆ.

ಮಾರ್ಟು ಇಷ್ಟು ಕಷ್ಟ ಯಾಕೆ ಪಡುತ್ತೆ ಅಂತ ಕೇಳಬಹುದು. ಕಷ್ಟ ಪಡ್ತಿರೋದು ಮಾಸ್ತರರು. ಎದುರಿನ ಅಂಗಡಿಯಲ್ಲಿ ಯಾವ ಸಾಮಾನು ಎಷ್ಟಕ್ಕೆ ಹೋಗ್ತಿದೆ ಎಂಬ ಖಬರು ಬಿಲ್ಲಿನ ಸಮೇತ ಪುಕ್ಕಟೆ ಸಿಕ್ಕಿತಲ್ಲ. ಅರ್ಥಶಾಸ್ತ್ರದವರು ಇನ್ನೊಂದು ಮಾತು ಬಹಳ ಹಿಂದಿನಿಂದ ಹೇಳ್ತಾರೆ. "ನೀನು ಇಳಿಸಿದರೆ ನಾನೂ ಇಳಿಸ್ತೀನಿ" ಅಂತ ಒಬ್ಬ ಬೋರ್ಡು ಹಾಕಿದರೆ, ಎದುರಿನವನಿಗೆ ಇಳಿಸಿ ಏನು ಲಾಭ? ಗಿರಾಕಿ ಆ ಕಡೆ ಬರೋದಿಲ್ಲ, ಇದ್ದ ಲಾಭವೂ ಹೋಗುತ್ತದೆ. ಆದ್ದರಿಂದ ಯಾರೂ ಇಳಿಸಲ್ಲ. ಬೋರ್ಡು ಗಿರಾಕಿಗೆ ಬರೆದದ್ದು ಅಂತ ನಾವು ತಿಳಿದಿದ್ದೇವೆ. ಅದನ್ನು ನಿಜವಾಗಿ ಓದಬೇಕಾದವನು ರಸ್ತೆಯ ಆಚೆ ಕೂತಿದ್ದಾನೆ.

ಫರಕ ವಾಪಸ್ ಅಷ್ಟು ಒಳ್ಳೆಯದಾದರೆ ತೊಗರಿ ಬೆಳೆದವನಿಗೂ ಒಂದು ಕೌಂಟರ್ ತೆರೆಯಲಿ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಗಂಜಿನ ಹರಾಜಿನಲ್ಲಿ ಅದಕ್ಕಿಂತ ಕಮ್ಮಿ ಕೂಗಿದ ದಿನ ರೈತ ಚೀಟಿ ಹಿಡಿದು ಎಲ್ಲಿಗೆ ಹೋಗಬೇಕು? ಖರೀದಿ ಕೇಂದ್ರ ಇದೆ, ಸರಿ. ಅಲ್ಲಿ ನೋಂದಣಿ, ಪಹಣಿ, ಎಕರೆಗೆ ಇಷ್ಟೇ ಎಂಬ ಮಿತಿ, ತೇವ ಜಾಸ್ತಿ ಇದ್ದರೆ ವಾಪಸ್. ಅಲ್ಲೂ ವಾಪಸ್ ಎಂಬ ಪದ ಇದೆ ನೋಡಿ, ವಾಪಸ್ ಬರೋದು ಫರಕ ಅಲ್ಲ, ಚೀಲ.

ಮಾಸ್ತರರಿಗೆ ಇನ್ನೊಂದು ಐಡಿಯಾ ಹೊಳೆಯಿತು. ಈ ಯೋಜನೆ ಮಾರ್ಟಿಗೆ ಮಾತ್ರ ಯಾಕೆ, ನಮ್ಮ ಕಿರಾಣಿ ಅಂಗಡಿಯವನೂ ಮಾಡಲಿ ಅಂತ ಮಾರ್ಟಿನ ಬಿಲ್ಲು ತಗೊಂಡು ಸೀದಾ ಅವನ ಹತ್ತಿರ ಹೋದರು. ಅವನು ತಕ್ಕಡಿಯಲ್ಲಿ ಬೇಳೆ ಹಾಕುತ್ತಾ, ತೂಕ ಸರಿಯಾದ ಮೇಲೂ ಇನ್ನೊಂದು ಹಿಡಿ ಜಾಸ್ತಿ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಅಲ್ಲೆಷ್ಟದ್ರಿ ಸರ್?"

"ನಿನಗಿಂತ ಜಾಸ್ತಿ ಅದ."

"ಹಂಗಾದ್ರ ಫರಕ ನೀವೇ ಕೊಡ್ರಲಾ."